ಜಿಲ್ಲೆ ಬದಲಾದರೆ ಪಾಸ್‌ವರ್ಡೂ ಬದಲು

ಚಿಗಟೇರಿಯ ದೇವರು ನಾರದಮುನಿ. ಲೋಕದಿಂದ ಲೋಕಕ್ಕೆ ಸುದ್ದಿ ಮುಟ್ಟಿಸುವ ದೇವರ ಊರಲ್ಲಿ ಕುಳಿತು, ತಮ್ಮ ಪಾಸ್‌ವರ್ಡ್ ಮಾತ್ರ ಯಾರಿಗೂ ತಿಳಿಯಬಾರದೆಂದು ಹಟ ಹಿಡಿದವರು ನಮ್ಮ ನಿವೃತ್ತ ಮೇಷ್ಟ್ರು. ಇಂಥವರು ನಿಮ್ಮ ಓಣಿಯಲ್ಲೂ ಇದ್ದಾರು. ಪೆನ್ಷನ್ ಹಣದಲ್ಲಿ ಕಂಪ್ಯೂಟರ್ ತೆಗೆದುಕೊಂಡು, ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ಆಯುಧಪೂಜೆಗೆ ಕುಂಕುಮ ಹಚ್ಚುವವರು. ಕಳ್ಳರೆಲ್ಲ ತಮ್ಮ ಪೆಟ್ಟಿಗೆಗೇ ಹೊಂಚು ಹಾಕಿದ್ದಾರೆಂದು ನಂಬಿದವರು. ಪೆಟ್ಟಿಗೆಯೊಳಗೆ ಇರುವುದೇನು? ಮೊಮ್ಮಗನ ಜವಳದ ಫೋಟೊ, ಯಾರದೋ ಲಗ್ನಪತ್ರಿಕೆ, ಸರ್ಕಾರಕ್ಕೆ ಬರೆಯುತ್ತಲೇ ಇರುವ ಒಂದು ಮನವಿ.

'ಪಾಸ್‌ವರ್ಡ್ ತಪ್ಪಾಗಿದೆ' ಎಂದು ಪರದೆ ಹೇಳಿದರೆ ಮೇಷ್ಟ್ರಿಗೆ ಸಿಟ್ಟು. ಜೀವಮಾನವಿಡೀ ಬೇರೆಯವರ ಉತ್ತರಕ್ಕೆ ತಪ್ಪು ಹಾಕಿದ ಕೈ ಅದು! ಅವೇ ಅಕ್ಷರಗಳನ್ನು ಇನ್ನಷ್ಟು ಜೋರಾಗಿ ಕುಟ್ಟುತ್ತಾರೆ. ಕುಟ್ಟುವ ಸದ್ದು ಕೇಳಿಯೇ ಪಕ್ಕದ ಮನೆಯ ಡಿಪ್ಲೊಮಾ ಹುಡುಗಿ ಎದ್ದು ಬರುತ್ತಾಳೆ.

ಅವಳು ಮೊದಲು ನೋಡುವುದು ಕ್ಯಾಪ್ಸ್ ಲಾಕ್. ಆಮೇಲೆ ನಮ್ ಲಾಕ್; ಅದು ಆರಿದ್ದರೆ ಬಲಗಡೆಯ ಅಂಕಿ ಒತ್ತಿದರೂ ಒಳಗೆ ಬೀಳುವುದಿಲ್ಲ. ಆಮೇಲೆ ಪರದೆಯ ಮೂಲೆ.

"ಅಜ್ಜಾ, ಕೀಲಿಮಣಿ ಕನ್ನಡದಾಗ ಐತಿ."

"ಕನ್ನಡ ನಾಡಾಗ ಇದ್ದು ಕನ್ನಡ ಬ್ಯಾಡಂದ್ರ ಹೆಂಗವಾ?"

ಇಂಗ್ಲಿಷಿಗೆ ತಿರುಗಿಸಿದರೂ ಬಾಗಿಲು ತೆರೆಯದು. ಆದರೆ ಕೆಳಗೆ ಸುಳಿವು ಮೂಡಿತು, ಮೇಷ್ಟ್ರೇ ಬರೆದಿಟ್ಟದ್ದು: 'ನಮ್ಮ ಜಿಲ್ಲೆ'.

ಬೇರೆ ಊರಲ್ಲಾಗಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಮೇಷ್ಟ್ರು ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. 1953ರಲ್ಲಿ ಅವರು ತೊಟ್ಟಿಲಲ್ಲಿ ಮಲಗಿದ್ದಂತೆಯೇ ಮೈಸೂರಿಗೆ ಸೇರಿದರು. 1997ರಲ್ಲಿ ಚಿಗಟೇರಿ ಇರುವ ಹರಪನಹಳ್ಳಿ ತಾಲ್ಲೂಕು ದಾವಣಗೆರೆಗೆ ಹೋಯಿತು. 2018ರಲ್ಲಿ ಸಂವಿಧಾನದ 371(ಜೆ) ವಿಧಿಯ ವಿಶೇಷ ಸವಲತ್ತಿಗೆಂದು ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರಕ್ಕೆ. ಮೇಷ್ಟ್ರು ಕೂತ ಕುರ್ಚಿ ಬಿಟ್ಟು ಏಳಲಿಲ್ಲ. ಪಾಸ್‌ವರ್ಡ್ ಮಾತ್ರ ಆಯಾ ಜಿಲ್ಲೆಗೆ ನಿಷ್ಠೆಯಿಂದ ಬದಲಾಗುತ್ತ ಬಂತು. ಸಾಲದ್ದಕ್ಕೆ ಸ್ಪೆಲ್ಲಿಂಗಿನ ಕಾಟ. ಬಳ್ಳಾರಿಯನ್ನು ಬ್ರಿಟಿಷರು ಬರೆದಂತೆ ಹೊಡೆಯಬೇಕೋ, 2014ರಲ್ಲಿ ತಿದ್ದಿದಂತೆಯೋ? ದಾವಣಗೆರೆಯ ನಡುವೆ ಇನ್ನೊಂದು 'ಎ' ಇದೆಯೋ, ಬಿಟ್ಟುಹೋಗಿದೆಯೋ?

ಪಾಸ್‌ವರ್ಡಿಗೆ ಅಂಕಿ, ಚಿಹ್ನೆ ಬೆರೆಸಿ, ಆಗಾಗ ಬದಲಿಸಿ ಎಂದು 2003ರಲ್ಲಿ ಅಮೆರಿಕ ಸರ್ಕಾರದ ಸಂಸ್ಥೆಯೊಂದಕ್ಕೆ ನಿಯಮ ಬರೆದುಕೊಟ್ಟ ಬಿಲ್ ಬರ್, 2017ರಲ್ಲಿ ಅದಕ್ಕಾಗಿ ಮರುಗಿದರು. ನಮ್ಮ ತಾಲ್ಲೂಕನ್ನು ಆ ಕಡೆ ಈ ಕಡೆ ಮಾಡಿದವರು ಯಾರೂ ಮರುಗಿದ್ದು ನಾನು ಕೇಳಿಲ್ಲ.

ಹುಡುಗಿ ಕೊನೆಯ ದಾರಿ ಹಿಡಿದಳು: ಭದ್ರತಾ ಪ್ರಶ್ನೆಗಳು. "ನಿಮ್ಮ ಅಪ್ಪ-ಅವ್ವ ಭೇಟಿಯಾದ ಊರು ಯಾವ್ದಂತ ಕೇಳತೈತಿ ಅಜ್ಜಾ."

"ಭೇಟಿ ಆಗಾಕ ಅವ್ರೇನು ಸಿನಿಮಾದವ್ರಾ? ಅಂತರಪಟ ಸರಿದಾಗ ಮಾರಿ ನೋಡ್ಯಾರ!"

"ಹಂಗಾದ್ರ ಮೊದಲು ಸಾಕಿದ ಪ್ರಾಣಿ ಹೆಸರು?"

"ಎಮ್ಮಿ."

"ಎಮ್ಮಿ ಹೆಸರು ಅಜ್ಜಾ."

"ಎಮ್ಮಿಗೆ ಎಮ್ಮಿ ಅಂದ್ರ ಸಾಕಾಗತಿತ್ತು."

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಮೇಷ್ಟ್ರು ಟೈಪ್ ಮಾಡುವಾಗ ಒಂದೊಂದೇ ಅಕ್ಷರವನ್ನು, ಉಕ್ತಲೇಖನ ಹೇಳುವ ದನಿಯಲ್ಲೇ, ಜೋರಾಗಿ ಓದಿಕೊಳ್ಳುತ್ತಾರೆ. ಹಾಗಾಗಿ ಆ ಪರಮ ಗುಟ್ಟು ಹೆಂಡತಿಗೂ ಹಾಲು ಹಾಕುವವನಿಗೂ ಎಂದೋ ಬಾಯಿಪಾಠ.

"ವಿಜಯನಗರದ ಕೊನಿಗೆ 'ಎ' ಬ್ಯಾಡ ಅಂತ ನೀವ ಅಂದಿದ್ರಲ್ರೀ, ಮುಂದ 2021 ಅಂತ!"

ಕಂಪ್ಯೂಟರ್ ತೆರೆಯಿತು. ಮೇಷ್ಟ್ರ ಮುಖ ಮುಚ್ಚಿಕೊಂಡಿತು. ಗುಟ್ಟು ರಟ್ಟಾದ ಮೇಲೆ ಹೊಸದು ಬೇಕೇ ಬೇಕಲ್ಲ! ಬಹಳ ಯೋಚಿಸಿ ಹುಡುಗಿಯ ಕಿವಿಯಲ್ಲಿ, ಬೀದಿಗೆ ಕೇಳುವಷ್ಟು ಮೆಲ್ಲಗೆ ಹೇಳಿದರು: "ಈ ಸಲ ತಾಲ್ಲೂಕಿನ ಹೆಸರು ಹಾಕವಾ. ಜಿಲ್ಲಾ ಹೋದ್ರೂ ತಾಲ್ಲೂಕು ಎಲ್ಲೂ ಹೋಗಂಗಿಲ್ಲ."

"ಅಲ್ರೀ," ಎಂದಿತು ಅಡುಗೆಮನೆ, "ಚಿಗಟೇರಿನ ಹೊಸ ತಾಲ್ಲೂಕು ಮಾಡ್ರಿ ಅಂತ ಅಲ್ಲೇನು ನೀವು ಆ ಮನವಿ ಬರೆಯಾಕತ್ತಿದ್ದು?"