‘ಕಟ್’ ಧಾತುವಿನ ಅಣಶಿ ಪ್ರಯೋಗ: ಒಂದು ಶಾಸ್ತ್ರವಿಚಾರ

ಕೇಶಿರಾಜನು 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಧಾತುಗಳಿಗೆಂದೇ ಒಂದು ಪ್ರಕರಣ ಮೀಸಲಿಟ್ಟ. ಅದರಲ್ಲಿ ‘ಕಟ್’ ಇಲ್ಲ. ಇದನ್ನು ಲೋಪವೆನ್ನಲಾಗದು. ಅವನ ಕಾಲದ ಅಣಶಿಗೆ, ಅಂದರೆ ಜೋಯಿಡಾ ತಾಲೂಕಿನ ಈ ಕಾಡೂರಿಗೆ, ಕರೆಂಟೇ ಬಂದಿರಲಿಲ್ಲವಾದ್ದರಿಂದ ಹೋಗುವ ಪ್ರಸಂಗವೂ ಇರಲಿಲ್ಲ. ಆ ಮಹಾವೈಯಾಕರಣನು ಬಿಟ್ಟ ಜಾಗವನ್ನು ತುಂಬುವ ವಿನಯಪೂರ್ವಕ ಉದ್ಧಟತನವೇ ಪ್ರಸ್ತುತ ಪ್ರಬಂಧ.

ಮೊದಲು ಪರ್ಯಾಯಪದ ವಿಚಾರ. ಕನ್ನಡಿಗ ಮರ ಕಡಿಯುತ್ತಾನೆ, ಭತ್ತ ಕೊಯ್ಯುತ್ತಾನೆ, ಬೆಂಡೆಕಾಯಿ ಹೆಚ್ಚುತ್ತಾನೆ, ಬಟ್ಟೆ ಕತ್ತರಿಸುತ್ತಾನೆ, ಸೌದೆ ಸೀಳುತ್ತಾನೆ, ಸೊಪ್ಪು ಸವರುತ್ತಾನೆ, ಉಗುರನ್ನು ಸುಮ್ಮನೆ ‘ತೆಗೆಯುತ್ತಾನೆ’. ಇವನ್ನು ಅದಲುಬದಲು ಮಾಡುವಂತಿಲ್ಲ. ಬೆಂಡೆಕಾಯಿ ಕಡಿದೆ ಎಂದರೆ ಅಡುಗೆಮನೆ ಬೆಚ್ಚುತ್ತದೆ. ಮರ ಹೆಚ್ಚಿದೆ ಎಂದರೆ ಕಾಡು ಬೆಳೆಯಿತೆಂದು ಅರಣ್ಯ ಇಲಾಖೆ ವಾರ್ಷಿಕ ವರದಿಗೆ ಸೇರಿಸಿಬಿಡುತ್ತದೆ. ಇಷ್ಟು ಕೆಲಸವನ್ನೂ ಇಂಗ್ಲಿಷರು ‘ಕಟ್’ ಎಂಬ ಒಂದೇ ಆಳಿನಿಂದ ತೆಗೆಸಿದರು. ಸಾಮ್ರಾಜ್ಯ ಕಟ್ಟುವವರಿಗೆ ಉಳಿತಾಯ ಗೊತ್ತಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಸೊಸೈಟಿಯ ನೋಟಿಸಿನಲ್ಲಿ ಬರುವ ‘ಕಟ್‌ಬಾಕಿ’ಯನ್ನು ಈ ಧಾತುವಿಗೆ ಜೋಡಿಸಿ ಎಳೆಯ ಸಂಶೋಧಕರು ಪಿಎಚ್‌ಡಿ ಪಡೆಯುವ ಸಂಭವವಿದೆ. ಅದು ಕಟ್ಟಬೇಕಾದ್ದನ್ನು ಕಟ್ಟದೆ ಉಳಿದ ಬಾಕಿ, ಇಂಗ್ಲಿಷಿನ ನಂಟಿಲ್ಲದ ಸಂಕಟ.

ಈಗ ಮುಖ್ಯ ವಿಷಯ. ಕನ್ನಡಕ್ಕೆ ಬಂದ ‘ಕಟ್’ ತಾನೇ ಪ್ರತ್ಯಯ ಹೊರುವುದಿಲ್ಲ. ಅದಕ್ಕೆ ‘ಆಗು’ ಅಥವಾ ‘ಮಾಡು’ ಎಂಬ ಊರುಗೋಲು ಬೇಕು. ಯಾವಾಗ ಯಾವುದು? ಜೋಯಿಡಾ ತಾಲೂಕಿನ ಬಸ್‌ಸ್ಟ್ಯಾಂಡ್, ಚಹಾ ಅಂಗಡಿಗಳ ಪ್ರಯೋಗಗಳನ್ನು ಆಲಿಸಿ ರಚಿಸಿದ ಸೂತ್ರ ಹೀಗಿದೆ: ‘ದೊಡ್ಡದಕ್ಕೆ ಆಗು, ಸಣ್ಣವರಿಗೆ ಮಾಡು.’

ವೃತ್ತಿ: ದೊಡ್ಡ ಸಂಗತಿಗಳು ಕಟ್ ‘ಆಗು’ತ್ತವೆ, ಅವಕ್ಕೆ ಕರ್ತೃಪದವಿಲ್ಲ. ಉದಾಹರಣೆಗೆ ಕರೆಂಟು. ಕಾಳಿ ನದಿಗೆ ಸುಪಾದಲ್ಲಿ 100, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರಗಳಿವೆ. ಘಟ್ಟದ ಬುಡದ ಕೈಗಾದಲ್ಲಿ 220 ಮೆಗಾವ್ಯಾಟಿನ 4 ಅಣುಘಟಕಗಳು. ತಂತಿಗಳು ಕಾಡಿನ ನೆತ್ತಿಯ ಮೇಲೆ ದೂರದೂರಿಗೆ ಹೊರಟಿವೆ. ಕೆಳಗೆ, ಜೂನ್ ತಿಂಗಳ ಮೊದಲ ಗಾಳಿಗೆ, ‘ಕರೆಂಟ್ ಕಟ್ ಆಗೇತ್ರಿ.’ ಯಾರು ಮಾಡಿದರು? ವ್ಯಾಕರಣದ ಪ್ರಕಾರ ಯಾರೂ ಇಲ್ಲ. ಕರೆಂಟಿನ ಹಿಂದೆಯೇ ನೆಟ್‌ವರ್ಕ್ ಸಹಗಮನ ಮಾಡುತ್ತದೆ. ರಸ್ತೆಯದೂ ಇದೇ ದಾರಿ: 2021ರ ಜುಲೈ ಮಳೆಗೆ ಅಣಶಿ ಘಟ್ಟ ಕುಸಿದು ಕಾರವಾರದ ಸಂಪರ್ಕ ಕಟ್ ಆಯಿತು, ಅದೇ ಮಳೆಗೆ ಅರಬೈಲು ಘಟ್ಟದಲ್ಲೂ ಧಾತುವಿನ ಪುನರುಕ್ತಿ. ಕೊಂಕಣಿಯವರು ‘ಕಟ್ ಜಾಲೆಂ’ ಎನ್ನುವುದರಿಂದ ಈ ನಿಯಮ ಭಾಷಾತೀತವೆಂದು ಸಿದ್ಧವಾಯಿತು.

‘ಮಾಡು’ ಬರುವುದು ಕಾಡಿನಲ್ಲಿ. ಕುಣಬಿ ಸಮುದಾಯದ ಅಜ್ಜನೊಬ್ಬ ಬೇಲಿಗೆಂದು ನಾಲ್ಕು ಗಳ ಕಡಿದರೆ ಅದು ‘ಆಯಿತು’ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ತಕ್ಷಣ ಕರ್ತೃಪದ ಹುಟ್ಟುತ್ತದೆ: ಅವನ ಹೆಸರು, ತಂದೆಯ ಹೆಸರು, ವಯಸ್ಸು, ಸಾಕಿನ್. ಕತ್ತಿ ಕರಣಕಾರಕವಾಗಿ ಜಪ್ತಿಯಾಗುತ್ತದೆ. ಇದು ಹಳೆಯ ಸಂಪ್ರದಾಯ. ಗುಡ್ಡದ ತುಂಡೊಂದನ್ನು ಕಡಿದು, ಸುಟ್ಟು, ರಾಗಿ ಬಿತ್ತುವ ಕುಮರಿ ಬೇಸಾಯಕ್ಕೆ 19ನೇ ಶತಮಾನದಲ್ಲೇ ಬ್ರಿಟಿಷರು ನಿರ್ಬಂಧ ಹಾಕಿದರು. ಅದೇ ಸರ್ಕಾರದ ಕೊಡಲಿಗೆ ಬಿದ್ದ ಸಾಗುವಾನಿ ಮಾತ್ರ ದಾಖಲೆಯಲ್ಲಿ ‘ಉತ್ಪನ್ನ’. ಅಲ್ಲಿ ಕ್ರಿಯಾಪದವೇ ಲೋಪಸಂಧಿ.

ಕನ್ನಡದ ‘ಕಟ್ಟು’ ಮತ್ತು ಇಂಗ್ಲಿಷಿನ ‘ಕಟ್’ ಹೊರನೋಟಕ್ಕೆ ಅಣ್ಣತಮ್ಮಂದಿರು, ಒಳಗೆ ದಾಯಾದಿಗಳು. ಸುಪಾದಲ್ಲಿ 101 ಮೀಟರ್ ಎತ್ತರಕ್ಕೆ ಅಣೆಕಟ್ಟು ಕಟ್ಟಿದರು. ಸುಪಾ ಊರು ನಕಾಶೆಯಿಂದ ಕಟ್ ಆಗಿ ನೀರಿನಡಿ ಸೇರಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಕಟ್ಟಿದವರಿಗೆ ಹೆಸರಿದೆ, ಕಟ್ ಆದದ್ದು ಮತ್ತೆ ತಾನಾಗಿಯೇ. ಹೆಸರುಗಳ ವಿಷಯಕ್ಕೂ ಇದು ಅನ್ವಯಿಸುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಣಶಿ, 2007ರಲ್ಲಿ ‘ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ’ ಎಂದು ದಾಂಡೇಲಿಯ ಬಾಲ ಹಿಡಿದು ಸಮಾಸ ಸೇರಿತ್ತು. 2015ರಲ್ಲಿ ಅದು ‘ಕಾಳಿ’ ಆಯಿತು. ಪೂರ್ವಪದ, ಉತ್ತರಪದ ಎರಡೂ ಕಟ್. ಹುಲಿಗಳು ತಕರಾರು ತೆಗೆಯಲಿಲ್ಲ.

ಇನ್ನು ಅಪವಾದ. ಉದ್ಘಾಟನೆಯ ಟೇಪು ದೊಡ್ಡವರ ಕೈಗೆ ಬಂದರೂ ‘ಆಗು’ ಹತ್ತುವುದಿಲ್ಲ; ಅಲ್ಲಿ ‘ಮಾಡು’ ಗೌರವಾರ್ಥ ಬಹುವಚನದಲ್ಲಿ ಬರುತ್ತದೆ, ಕರ್ತೃಪದವನ್ನು ಕಲ್ಲಿನಲ್ಲೇ ಕೆತ್ತಿಸುತ್ತಾರೆ. ಅಧ್ಯಕ್ಷೀಯ ಭಾಷಣದ ನಡುವೆ ಮೈಕು ಹೋದರೆ ಎಂಬುದು ಇನ್ನೊಂದು ಅಪವಾದ. ‘ಕಟ್ ಆಗೇತ್ರಿ’ ಎಂಬ ಸಮಜಾಯಿಷಿ ಅಂದು ನಡೆಯುವುದಿಲ್ಲ, ಕರ್ತೃವನ್ನು ಹುಡುಕಲೇಬೇಕು. ಸಾಮಾನ್ಯವಾಗಿ ಲೈನ್‌ಮನ್ ಸಿಗುತ್ತಾನೆ. ಅವನು ಸಿಗದ ದಿನ ಶಾಮಿಯಾನದ ಹುಡುಗ.