ಸೀನರಿ ಭಾವ

ಅಂಕೋಲೆ, ಕಾರವಾರದ ಕಡೆಯ ಹೆಣ್ಣು ತಂದ ಬೆಂಗಳೂರಿನ ಅಳಿಯಂದಿರಲ್ಲಿ ಎರಡು ಬಗೆ. ಮೀನಿಗಾಗಿ ಬರುವವರು, ಸೀನರಿಗಾಗಿ ಬರುವವರು. ಮೊದಲನೆಯವರನ್ನು ಸಂಭಾಳಿಸುವುದು ಸುಲಭ. ಶೆಟ್ಲಿ ಸುಕ್ಕೆ, ಹುರಿದ ಬಂಗಡೆ ಬಡಿಸಿ ಫ್ಯಾನ್ ಹಾಕಿಬಿಟ್ಟರೆ ಸಂಜೆಯವರೆಗೆ ಸೊಲ್ಲಿಲ್ಲ. ಎರಡನೆಯ ಬಗೆಯವನೇ ಸೀನರಿ ಭಾವ. ಅವನು ಮಲಗುವುದಿಲ್ಲ, ಮನೆಯವರನ್ನೂ ಮಲಗಗೊಡುವುದಿಲ್ಲ.

ಪಂಚಗಂಗಾ ಎಕ್ಸ್‌ಪ್ರೆಸ್ ನಮ್ಮ ಕಡೆ ತಲುಪುವ ಹೊತ್ತಿಗೆ ಬಿಸಿಲು ಬಿದ್ದಿರುತ್ತದೆ. ರೈಲು ಇಳಿದವನ ಮೊದಲ ಮಾತು ‘ಆರಾಮಾ?’ ಅಲ್ಲ, ‘ಛೇ, ಲೈಟು ಹೋಯ್ತು.’ ಕರೆತರಲು ಹೋದ ಮಾವ ಪ್ರತಿ ಸಲವೂ ಗಾಬರಿಯಾಗಿ, ‘ಇಲ್ಲ, ಕರೆಂಟದೆ. ಈಗ ಪಂಪು ಹಾಕಿಯೇ ಬಂದೆ’ ಎನ್ನುತ್ತಾರೆ. ಭಾವನ ಬೆನ್ನಚೀಲದಲ್ಲಿ ಎರಡು ಕ್ಯಾಮೆರಾ, ಉದ್ದದ ಲೆನ್ಸು, ಗಿಡ್ಡದ ಲೆನ್ಸು, ಕಪ್ಪು ಗಾಜಿನ ಫಿಲ್ಟರುಗಳು, ದೂಳು ಊದುವ ರಬ್ಬರಿನ ಬುರುಡೆ ಇರುತ್ತವೆ. ಬಟ್ಟೆ ಮಾತ್ರ ಇರುವುದಿಲ್ಲ. ಮಾವನ ಲುಂಗಿ ನಡೆಯುತ್ತದಂತೆ, ಮಾವನ ಹತ್ತಿರ ಲೆನ್ಸು ಇಲ್ಲವಲ್ಲ.

ಮರುದಿನ ನಾಲ್ಕೂವರೆಗೆ ಅಲಾರಾಂ. ಸೂರ್ಯೋದಯ ಹಿಡಿಯಬೇಕು. ನಮ್ಮ ಕಡಲು ಇರುವುದು ಪಶ್ಚಿಮಕ್ಕೆ, ಸೂರ್ಯ ಹುಟ್ಟುವುದು ಬೆನ್ನ ಹಿಂದೆ, ಅದೂ ಘಟ್ಟ ಹತ್ತಿಳಿದು ನಿಧಾನಕ್ಕೆ ಬರುತ್ತಾನೆ ಎಂದು ಅತ್ತೆ ಚಾ ಕಾಸುತ್ತ ಹೇಳಿದರೆ, ‘ನಿಮಗೆ ಗೊತ್ತಾಗುವುದಿಲ್ಲ ಅತ್ತೆ, ಸಾಫ್ಟ್ ಲೈಟ್’ ಎಂದು ಚಪ್ಪಲಿ ಮೆಟ್ಟುತ್ತಾನೆ. ಅರವತ್ತು ವರ್ಷದಿಂದ ಅದೇ ಬೆಳಕಿನಲ್ಲಿ ಅಂಗಳ ಗುಡಿಸಿದವರಿಗೆ ಗೊತ್ತಾಗುವುದಿಲ್ಲ.

ಅವನ ಶಾಸ್ತ್ರದಲ್ಲಿ ಇರುವುದು ಒಂದೇ ವಿಧಿ: ಕ್ಲೀನ್ ಫ್ರೇಮ್. ಅಂದರೆ ಚಿತ್ರದೊಳಗೆ ನರಪಿಳ್ಳೆ ಇರಬಾರದು. ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ಜನರಿಗೆ, ‘ಸ್ವಲ್ಪ ಆಚೆ ಸರಿಯಿರಿ, ಹತ್ತೇ ನಿಮಿಷ’ ಅಂದನಂತೆ. ಹಗ್ಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹಿರಿಯ, ‘ನಮ್ಮದೇನೂ ಅಡ್ಡಿಲ್ಲ, ಬಂಗಡೆಗೊಂದು ಮಾತು ನೀವೇ ಹೇಳಿಬಿಡಿ’ ಅಂದನಂತೆ.

ಮನುಷ್ಯನ ಕೈ ಸೋಕದ ಪ್ರಕೃತಿ ಎಂದು ಭಾವ ಮಂಡಿಯೂರಿ, ಹೊಟ್ಟೆ ಮೇಲೆ ಮಲಗಿ, ಮರಳು ತಿಂದು ಹಿಡಿಯುವುದು ದಂಡೆಯ ಗಾಳಿಮರದ ತೋಪನ್ನು. ಆ ಮರ ಈ ದಂಡೆಯದ್ದೇ ಅಲ್ಲ, ಆಸ್ಟ್ರೇಲಿಯಾದ ಕಡೆಯಿಂದ ಬಂದದ್ದು. 1860ರ ದಶಕದಲ್ಲಿ ಅರಣ್ಯ ಇಲಾಖೆಯವರು ಕೂಲಿ ಕೊಟ್ಟು, ಸಾಲು ಹಿಡಿದು ನೆಡಿಸತೊಡಗಿದ್ದು. 1883ರ ಹೊತ್ತಿಗೆ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿಳಿದ ರವೀಂದ್ರನಾಥ ಠಾಕೂರರು ನೋಡಿದ್ದೂ ಇದೇ ಗಾಳಿಮರಗಳನ್ನು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿಬಂದರು, ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಇಲ್ಲೇ ಬರೆದರು, ದಂಡೆಗೆ ತಮ್ಮ ಹೆಸರನ್ನೂ ಬಿಟ್ಟುಹೋದರು. ಇಷ್ಟಕ್ಕೂ ಟ್ರೈಪಾಡ್ ಇರಲಿಲ್ಲ. ಇದನ್ನು ಹೇಳಿದರೆ ಭಾವ ಒಂದು ಗಳಿಗೆ ಗಂಭೀರನಾಗಿ, ‘ಬೆಳದಿಂಗಳಾ? ಹಾಗಾದರೆ ಐಎಸ್‌ಒ ಎಷ್ಟಿಡಬೇಕಾಗಿತ್ತು’ ಎಂದು ಲೆಕ್ಕ ಹಾಕುತ್ತಾನೆ.

ದ್ವೀಪವೆಂದರಂತೂ ಅವನಿಗೆ ಮೈಮೇಲೆ ಬಂದಂತೆಯೇ. ಕಾರವಾರದೆದುರು ಕಡಲಲ್ಲಿ ದ್ವೀಪಗಳಿಗೇನೂ ಬರವಿಲ್ಲ. ಆಮೆಯಾಕಾರದ ಕೂರ್ಮಗಡ, 1864ರ ದೀಪಸ್ತಂಭ ಹೊತ್ತ ದೇವಗಡ, ಅತ್ತ ಅಂಜುದೀವ. ಕೂರ್ಮಗಡಕ್ಕೆ ಹೋಗುವ ಚಂದ ಇರುವುದು ಪುಷ್ಯ ಹುಣ್ಣಿಮೆಯ ನರಸಿಂಹ ದೇವರ ಜಾತ್ರೆಯಲ್ಲಿ. ಮೀನುಗಾರರು ಬೋಟುಗಳನ್ನು ಸಿಂಗರಿಸುತ್ತಾರೆ, ಜನ ಬಾಳೆಗೊನೆ ಹೊತ್ತು ಗುಡ್ಡ ಹತ್ತುತ್ತಾರೆ. ಆ ದಿನ ಭಾವ ಬರುವುದಿಲ್ಲ, ಗದ್ದಲ ಅವನಿಗಾಗದು. ಅವನು ರಜೆ ಹಾಕುವುದು ಜೂನ್‌ನಲ್ಲಿ, ‘ಮಾನ್ಸೂನ್ ಮೂಡ್’ಗಾಗಿ. ಜೂನ್ ಒಂದರಿಂದ ಜುಲೈ ಕೊನೆಯತನಕ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ, ಬೋಟುಗಳೆಲ್ಲ ಬೈತಖೋಲದಲ್ಲಿ ಕಟ್ಟಿಕೊಂಡು ನಿಂತಿರುತ್ತವೆ. ದ್ವೀಪಕ್ಕೆ ಬಿಡುತ್ತೀರಾ ಎಂದು ಕೇಳಿದವನನ್ನು ಬೋಟಿನವರು ಮೇಲಿಂದ ಕೆಳಗೆ ನೋಡಿ, ಚಾ ಕುಡಿಸಿ ಕಳಿಸಿದರು. ನಮ್ಮೂರ ಜನ ದೊಡ್ಡವರು.

ಕೊನೆಗೂ ಮಳೆ ಮುಗಿದ ಮೇಲೆ ಹೋದದ್ದಾಯಿತು. ದಾರಿಯಲ್ಲಿ ಡಾಲ್ಫಿನ್‌ಗಳು ಎದ್ದವು. ಬೋಟಿನಲ್ಲಿದ್ದ ಮಕ್ಕಳು ಮರಿಗಳು ಕಣ್ತುಂಬ ನೋಡಿದರು. ಭಾವ ಆಗ ಲೆನ್ಸು ಬದಲಿಸುತ್ತಿದ್ದ. ಡಾಲ್ಫಿನ್ ಈಗಷ್ಟೇ ಇದ್ದ ಜಾಗದ ನೀರಿನ ಬಳೆಗಳ ಸಂಗ್ರಹ ಅವನ ಹತ್ತಿರ ಇರುವಷ್ಟು ಇಡೀ ರಾಜ್ಯದಲ್ಲಿ ಇನ್ನೊಬ್ಬರ ಹತ್ತಿರ ಇರಲಾರದು. ದ್ವೀಪದ ಬಂಡೆಯ ಮೇಲೆ ಟ್ರೈಪಾಡ್ ಊರಿ, ಲೆನ್ಸಿಗೆ ಕಪ್ಪು ಗಾಜು ಸಿಕ್ಕಿಸಿ, ಮೂವತ್ತು ಸೆಕೆಂಡಿನ ಒಂದು ಫೋಟೊ ತೆಗೆದ. ಅಷ್ಟು ಹೊತ್ತು ಕಣ್ತೆರೆದ ಕ್ಯಾಮೆರಾದಲ್ಲಿ ತೆರೆಗಳೆಲ್ಲ ಒಂದರ ಮೇಲೊಂದು ಕೂತು ಅಳಿಸಿಹೋಗುತ್ತವೆ, ಕಡಲು ಮಂಜಾಗುತ್ತದೆ. ಹೆಮ್ಮೆಯಿಂದ ಬೋಟಿನವನಿಗೆ ತೋರಿಸಿದ. ಅವನು ಬಹಳ ಹೊತ್ತು ನೋಡಿ, ‘ಇದು ಯಾವ ಬದಿಯ ಸಮುದ್ರ ಸಾಹೇಬ್ರೆ? ತೆರೆಯೇ ಇಲ್ಲ. ನಮಗೂ ಹೇಳಿ, ಡೀಸೆಲ್ ಉಳಿತದೆ’ ಅಂದ.

ಅಂಜುದೀವದ್ದು ಬೇರೆಯೇ ಸಂಕಟ. 1498ರಲ್ಲಿ ವಾಸ್ಕೋ ಡ ಗಾಮ ಹಡಗು ನಿಲ್ಲಿಸಿದ ದ್ವೀಪ ಅದು. ನಮ್ಮ ದಂಡೆಗೆ ಅಂಟಿಕೊಂಡಂತಿದ್ದರೂ ಲೆಕ್ಕಕ್ಕೆ ಗೋವಾದ್ದು, ಹಿಡಿತ ನೌಕಾಪಡೆಯದ್ದು. ಅರ್ಗಾದ ಹತ್ತಿರ ಹೆದ್ದಾರಿಯುದ್ದಕ್ಕೂ ಐಎನ್‌ಎಸ್ ಕದಂಬ ನೆಲೆಯ ಗೋಡೆ, ಫೋಟೊ ತೆಗೆಯಬಾರದೆಂಬ ಫಲಕಗಳು. ಆ ದಾರಿಯುದ್ದ ಭಾವ ಕಾರಿನಲ್ಲಿ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾನೆ. ಅಕ್ಕ ಹೇಳುವ ಪ್ರಕಾರ ಮದುವೆಯಾದ ಮೇಲೆ ಅವನು ಅವಳ ಮುಖ ನೋಡಿ ಮಾತಾಡಿದ್ದು ಆ ರಸ್ತೆಯಲ್ಲಿ ಮಾತ್ರ.

ಮಾಜಾಳಿಯಿಂದ ಗುಡ್ಡ ಹತ್ತಿಳಿದು ತಿಳಮಾತಿಗೂ ಹೋಗಿದ್ದಾನೆ. ಎಳ್ಳಿನಂಥ ಕಪ್ಪು ಮರಳಿನ ಪುಟ್ಟ ದಂಡೆ, ಬಣ್ಣಕ್ಕಾಗಿಯೇ ಹೆಸರಾದದ್ದು. ಅದನ್ನು ಕಪ್ಪುಬಿಳುಪಿನಲ್ಲಿ ತೆಗೆದುಕೊಂಡು ಬಂದ.

ತೋಟಗಳ ಕಥೆಗೆ ಬರೋಣ. ಕಾರವಾರದ ರಾಕ್ ಗಾರ್ಡನ್ನಿನಲ್ಲಿ ಜಿಲ್ಲೆಯ ಬುಡಕಟ್ಟುಗಳ ಬದುಕು ತೋರಿಸುವ ಪ್ರತಿಮೆಗಳಿವೆ. ಜನರನ್ನು ಕಂಡರಾಗದ ಭಾವ ಅಲ್ಲಿ ಮಾತ್ರ ಅರ್ಧ ದಿನ ಕಳೆದ. ಅವು ಅಲ್ಲಾಡುವುದಿಲ್ಲ, ಕೆಮ್ಮುವುದಿಲ್ಲ, ‘ಯಾವ ಪೇಪರಿಗೆ?’ ಎಂದು ಕೇಳುವುದಿಲ್ಲ. ಸಂಜೆ ಅಂಕೋಲೆ ಪೇಟೆಯಲ್ಲಿ ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಅಜ್ಜಿ ಬಸಳೆ ಮಾರುತ್ತ ಕೂತಿದ್ದಳು. ಭಾವ ಅವಳನ್ನು ದಾಟಿಹೋಗಿ ಹಿಂದಿದ್ದ ಅರಳಿಮರ ಹಿಡಿದ. ‘ಕಟ್ಟಿಗೆ ಹದಿನೈದು’ ಅಂದಳು ಅಜ್ಜಿ. ಮರದ ಫೋಟೊಕ್ಕೆ ರೇಟು ಹೇಳಿದಳೆಂದು ಭಾವ ಈಗಲೂ ದೂರುತ್ತಾನೆ.

ಮೇ ತಿಂಗಳಲ್ಲಿ ಮಾವನ ತೋಟದ ಕರಿ ಇಷಾಡ ಹಣ್ಣಾಗುತ್ತದೆ. 2023ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದ ಹಣ್ಣು, ತೆಳು ಸಿಪ್ಪೆ, ತಡೆದರೆ ಕೆಡುತ್ತದೆ, ಕೈಗೆ ಬಂದ ಕೂಡಲೇ ತಿನ್ನಬೇಕು. ಭಾವ ಅದಕ್ಕೆ ಇಬ್ಬನಿ ಬೇಕೆಂದು ನಡುಮಧ್ಯಾಹ್ನ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದ. ‘ಈ ಸೆಖೆಗೆ ಮಾವಿನಹಣ್ಣೂ ಬೆವರುತ್ತದಾ?’ ಎಂದರು ಅತ್ತೆ. ಫೋಟೊ ಚೆನ್ನಾಗಿ ಬಂತು. ಹಣ್ಣನ್ನು ಇರುವೆ ತಿಂದವು.

ಹೊನ್ನಳ್ಳಿ ಕಡೆಯ ಮರಗಳ ಫೋಟೊ ಅವನ ಹತ್ತಿರ ರಾಶಿ ಇವೆ. ಆ ಊರಿನ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ ಆಯ್ದು, ಸಸಿ ಮಾಡಿ ಆಯುಷ್ಯ ಸವೆಸಿದವರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ ನಡೆದುಹೋಗಿ ಪದ್ಮಶ್ರೀ ತೆಗೆದುಕೊಂಡರು. ಅಂಕೋಲೆಯ ಕಾಡಿನ ಸಲುವಾಗಿ ದೇಶವೆಲ್ಲ ನೋಡಿದ ಫೋಟೊ ಅದು, ಅದರಲ್ಲಿ ಒಂದು ಮರವೂ ಇಲ್ಲ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಭಾವನ ರಾಶಿಯಲ್ಲಿ ಅವರದೊಂದು ಚಿತ್ರವಿಲ್ಲ. ಇದೊಂದು ವಿಷಯಕ್ಕೆ ಅವನನ್ನು ತಮಾಷೆ ಮಾಡಲು ನನಗೂ ಮನಸ್ಸಾಗುವುದಿಲ್ಲ.

ಸದಾಶಿವಗಡದ ಗುಡ್ಡ ಅವನ ಖಾಯಂ ಠಿಕಾಣಿ. ಮೇಲಿಂದ ನೋಡಿದರೆ ಕಾಳಿ ಕಡಲು ಸೇರುವ ಅಳಿವೆ, ಆಚೆ ಕಾರವಾರ, ನಡುವೆ ಮೊದಲು ಒಂದರ ಪಕ್ಕ ಒಂದು ಎರಡು ಸೇತುವೆ ಇದ್ದವು. ಭಾವನಿಗೆ ಹಳೆಯ ಸೇತುವೆ ಕಣ್ಣಿನ ಕಸವಾಗಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಅದನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದ. ಲಾರಿ, ಬಸ್ಸು, ಕಂಬ ಎಲ್ಲ ಮಾಯ, ನದಿ ಮಾತ್ರ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಆ ಹಳೆಯ ಸೇತುವೆ ತಾನಾಗಿಯೇ ಕುಸಿಯಿತು. ಮೇಲಿದ್ದ ಲಾರಿ ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕನನ್ನು ಬದುಕಿಸಿದರು. ಬೆಳಗಾಗುವುದರೊಳಗೆ ಭಾವನಿಗೆ ಊರಿನಿಂದ ಫೋನಿನ ಮೇಲೆ ಫೋನು. ‘ನಿಮ್ಮ ಹತ್ತಿರ ಇದ್ದೇ ಇರ್ತದೆ, ಹಳೇ ಸೇತುವೆ ಗಟ್ಟಿ ಇದ್ದಾಗಿನದು ಒಂದು ಕಳಿಸಿ.’ ಅವನು ಹಾರ್ಡ್ ಡಿಸ್ಕನ್ನೆಲ್ಲ ಜಾಲಾಡಿದ. ಗುಡ್ಡದ ಮೇಲಿಂದ, ದಂಡೆಯಿಂದ, ದೋಣಿಯಿಂದ ತೆಗೆದ ಕಾಳಿಯ ಚಿತ್ರಗಳು ನೂರಾರು ಇದ್ದವು. ಸೇತುವೆ ಒಂದರಲ್ಲೂ ಇರಲಿಲ್ಲ, ಅಷ್ಟು ಅಚ್ಚುಕಟ್ಟಾಗಿ ಒರೆಸಿದ್ದ. ಜಾಗ ಉಳಿಸಲೆಂದು ಮೂಲ ಪ್ರತಿಗಳನ್ನೂ ಅಳಿಸಿದ್ದ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಯಾರಾದರೂ ಗೋವಾಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದಲೋ, ಹೆಂಡತಿ ಮಕ್ಕಳನ್ನು ಮುಂದೆ ನಿಲ್ಲಿಸಿಯೋ, ಕಾಳಿಯ ಹಳೆಯ ಸೇತುವೆ ಕಾಣುವ ಫೋಟೊ ತೆಗೆದಿದ್ದರೆ ದಯವಿಟ್ಟು ಕಳಿಸಿಕೊಡಿ. ಮಂಕಾಗಿದ್ದರೂ, ಸೊಟ್ಟಗಿದ್ದರೂ, ಯಾರದೋ ಹೆಬ್ಬೆರಳು ಅಡ್ಡ ಬಂದಿದ್ದರೂ ಪರವಾಗಿಲ್ಲ. ಭಾವ ಒಪ್ಪಿಕೊಂಡಿದ್ದಾನೆ.