ಕೀಲಿಕೈ ನೆರೆಮನೆಯಲ್ಲಿ

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತರೆಲ್ಲ ಒಂದಾಗಲಿ ಎಂದು ಪ್ರಾರ್ಥಿಸುತ್ತೇವೆ. 1908ರಲ್ಲಿ ಶುರುವಾದ ಪದ್ಧತಿ. ಬಿಷಪ್ಪರು, ಫಾದರುಗಳು, ಪಾಸ್ಟರುಗಳು ಒಂದೇ ವೇದಿಕೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಶಾಲು, ಹಾರ, ಗ್ರೂಪ್ ಫೋಟೊ. ಆಮೇಲೆ ಚಹಾ, ಬಿಸ್ಕತ್ತು. ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುವುದು ಮಾತ್ರ ಆಗುವುದಿಲ್ಲ. ಬಿಸ್ಕತ್ತಿಗೆ ದೇವಶಾಸ್ತ್ರದ ಅಡ್ಡಿಯಿಲ್ಲ. ರೊಟ್ಟಿಗಿದೆ.

ನಮ್ಮ ಐಕ್ಯದ ಅಸಲಿ ಮುಖ ನೋಡಬೇಕಾದರೆ ಜೆರುಸಲೇಮಿಗೆ ಹೋಗಬೇಕು. ಯೇಸುವನ್ನು ಶಿಲುಬೆಗೇರಿಸಿ ಹೂಳಿದ ಜಾಗವೆಂದು ನಂಬುವ ಪವಿತ್ರ ಸಮಾಧಿ ದೇವಾಲಯ ಅಲ್ಲಿದೆ. ಗ್ರೀಕ್ ಆರ್ಥಡಾಕ್ಸ್, ರೋಮನ್ ಕ್ಯಾಥೊಲಿಕ್, ಅರ್ಮೇನಿಯನ್, ಕಾಪ್ಟಿಕ್, ಇಥಿಯೋಪಿಯನ್, ಸಿರಿಯನ್. ಆರು ಪಂಗಡ, ಒಂದೇ ಸೂರು. ಬಾಗಿಲ ಕೀಲಿಕೈ ಮಾತ್ರ ಮುಸ್ಲಿಮರ ಬಳಿ. ಒಂದು ಮನೆತನ ಕೀಲಿ ಇಟ್ಟುಕೊಳ್ಳುತ್ತದೆ, ಇನ್ನೊಂದು ಬಾಗಿಲು ತೆಗೆಯುತ್ತದೆ. ಶತಮಾನಗಳಿಂದ ಹೀಗೇ ನಡೆದಿದೆ. ಕೀಲಿ ಒಬ್ಬರ ಕೈಗೆ ಸಿಕ್ಕರೆ ಉಳಿದ ಐವರು ಬೀದಿಪಾಲು ಎಂಬುದರಲ್ಲಿ ಆರೂ ಪಂಗಡಕ್ಕೆ ಅಚಲ ನಂಬಿಕೆ. ವಿಶ್ವಾಸಿಗಳಲ್ಲವೇ!

ಯಾವ ಮೂಲೆ ಯಾರದು, ಯಾವ ಹೊತ್ತಿನ ಪೂಜೆ ಯಾರದು ಎಂಬುದಕ್ಕೆಲ್ಲ ಒಟ್ಟೊಮನ್ ಸುಲ್ತಾನ 1852ರಲ್ಲಿ ಹೊರಡಿಸಿದ ಫರ್ಮಾನೇ ಪ್ರಮಾಣ. ಮುಂಬಾಗಿಲ ಮೇಲಿನ ಕಿಟಕಿಗೆ ಒಂದು ಮರದ ಏಣಿ ಒರಗಿದೆ. ಹದಿನೆಂಟನೇ ಶತಮಾನದಿಂದ ಅಲ್ಲೇ ಇದೆ. ಎಲ್ಲರೂ ಒಪ್ಪದೆ ಅದನ್ನು ತೆಗೆಯುವಂತಿಲ್ಲ. ಸಾಸಿವೆಯಷ್ಟು ನಂಬಿಕೆಯಿದ್ದರೆ ಬೆಟ್ಟವೇ ಕದಲುತ್ತದೆ ಎಂದು ಬೋಧಿಸುವವರು ನಾವು. ಏಣಿ ಕದಲಿಲ್ಲ.

ಇನ್ನು ಕುರ್ಚಿ. ದೇವಾಲಯದ ಛಾವಣಿಯ ಮೇಲೆ ಇಥಿಯೋಪಿಯನ್ ಸನ್ಯಾಸಿಗಳ ಪುಟ್ಟ ಪುಟ್ಟ ಕೋಣೆಗಳಿವೆ. ಆ ಜಾಗ ತಮ್ಮದೆಂಬುದು ಕಾಪ್ಟಿಕರ ತಕರಾರು. ತಕರಾರು ಆರಿಹೋಗಬಾರದಲ್ಲ, ಅದಕ್ಕೆ ಒಬ್ಬ ಕಾಪ್ಟಿಕ್ ಸನ್ಯಾಸಿ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. 2002ರ ಜುಲೈನಲ್ಲಿ ಒಂದು ದಿನ ಬಿಸಿಲು ಜೋರಾಗಿತ್ತು. ಅವರು ಕುರ್ಚಿಯನ್ನು ಸ್ವಲ್ಪ ನೆರಳಿಗೆ ಎಳೆದುಕೊಂಡರು. ಅಷ್ಟೇ. ಹೊಡೆದಾಟದಲ್ಲಿ 11 ಮಂದಿ ಆಸ್ಪತ್ರೆ ಸೇರಿದರು. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ತೋರಿಸು ಎಂದವನ ಸಮಾಧಿಯ ನೆತ್ತಿಯ ಮೇಲೆ.

2008ರ ನವೆಂಬರಿನಲ್ಲಿ ಕೆಳಗಡೆ ಗ್ರೀಕರೂ ಅರ್ಮೇನಿಯನ್ನರೂ ನಿಲುವಂಗಿ ಎತ್ತಿ ಕಟ್ಟಿ ಬಡಿದಾಡಿಕೊಂಡರು. ಬಿಡಿಸಲು ಇಸ್ರೇಲಿ ಪೊಲೀಸರು ಒಳಗೆ ನುಗ್ಗಬೇಕಾಯಿತು. ಬಾಗಿಲು ತೆಗೆಯಲು ಮುಸ್ಲಿಮರು, ಜಗಳ ಬಿಡಿಸಲು ಯಹೂದಿಗಳು. ನೆರೆಹೊರೆಯವರನ್ನು ಪ್ರೀತಿಸಬೇಕಾದದ್ದೇ. ಅವರಿಲ್ಲದಿದ್ದರೆ ನಾವು ಉಳಿಯುತ್ತಲೇ ಇರಲಿಲ್ಲ.

ಸಮಾಧಿಯಾದರೂ ಗಟ್ಟಿಯಾಗಿತ್ತೇ? ಕುಸಿಯದಿರಲೆಂದು 1947ರಲ್ಲಿ ಬ್ರಿಟಿಷರು ಕಬ್ಬಿಣದ ತೊಲೆ ಬಿಗಿದು ಹೋಗಿದ್ದರು. ರಿಪೇರಿಗೆ ಒಮ್ಮತ ಬರಲಿಲ್ಲ. 2015ರಲ್ಲಿ ಪೊಲೀಸರು ಅಪಾಯವೆಂದು ಕೆಲವು ಗಂಟೆ ಬಾಗಿಲು ಹಾಕಿಸಿದ ಮೇಲೆ ಬುದ್ಧಿ ಬಂತು. ಮರುವರ್ಷ ಕೆಲಸ ಶುರು.

ಐಕ್ಯ ನಮ್ಮಿಂದ ಆಗುವುದೇ ಇಲ್ಲ ಎಂದುಕೊಳ್ಳಬೇಡಿ. 2018ರ ಫೆಬ್ರುವರಿಯಲ್ಲಿ ಜೆರುಸಲೇಮ್ ನಗರಪಾಲಿಕೆ ಚರ್ಚುಗಳ ಆಸ್ತಿಗೆ ತೆರಿಗೆ ಕೇಳಿತು. ಜಮೀನಿನ ಬಗ್ಗೆ ಒಂದು ಮಸೂದೆಯೂ ಬರುವುದರಲ್ಲಿತ್ತು. ಗ್ರೀಕರು, ಕ್ಯಾಥೊಲಿಕರು, ಅರ್ಮೇನಿಯನ್ನರು ಹೆಗಲಿಗೆ ಹೆಗಲು ಕೊಟ್ಟು ದೇವಾಲಯದ ಬಾಗಿಲನ್ನೇ ಮುಚ್ಚಿಸಿದರು. ಒಂದೇ ಹೇಳಿಕೆ, ಒಂದೇ ದನಿ. ಮೂರು ದಿನಕ್ಕೆ ಸರ್ಕಾರ ಮಣಿಯಿತು. 110 ವರ್ಷದ ಪ್ರಾರ್ಥನೆ ಮಾಡಲಾಗದ್ದನ್ನು ಒಂದು ತೆರಿಗೆ ನೋಟಿಸು ಮಾಡಿತು.

ಅಷ್ಟು ದೂರ ಯಾಕೆ? ಕೇರಳಕ್ಕೆ ಬನ್ನಿ. ಮಲಂಕರ ಸಭೆಯ ಆರ್ಥಡಾಕ್ಸರು ಮತ್ತು ಯಾಕೋಬೈಟರು ಒಂದೇ ಬೇರಿನವರು. ಅದೇ ಆರಾಧನೆ, ಅದೇ ಧೂಪ. ಚರ್ಚುಗಳು ಯಾರವೆಂಬ ವ್ಯಾಜ್ಯಕ್ಕೆ ನೂರು ವರ್ಷ ದಾಟಿದೆ. 2017ರಲ್ಲಿ ಸುಪ್ರೀಂ ಕೋರ್ಟ್ ಆರ್ಥಡಾಕ್ಸರ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿಂದ ಜಗಳ ಸ್ಮಶಾನಕ್ಕೆ ಇಳಿಯಿತು. ಅಜ್ಜ ಅಜ್ಜಿಯರ ಹೆಣ ಗೇಟಿನ ಹೊರಗೆ, ಬೀಗ ಒಳಗೆ, ಪೊಲೀಸರು ನಡುವೆ. ಹೆಣ ಹೂಳುವ ಹಕ್ಕಿಗಾಗಿಯೇ 2020ರಲ್ಲಿ ಕೇರಳ ಸರ್ಕಾರ ಕಾಯ್ದೆ ತರಬೇಕಾಯಿತು. ಆಳುತ್ತಿದ್ದವರು ಕಮ್ಯುನಿಸ್ಟರು. ಕ್ರೈಸ್ತನಿಗೆ ಕ್ರೈಸ್ತ ಸಂಸ್ಕಾರ ಸಿಗಲಿ ಎಂದು ದೇವರನ್ನು ನಂಬದವರು ಕಾನೂನು ಬರೆದುಕೊಟ್ಟರು.

ಅಣ್ಣತಮ್ಮಂದಿರು ಕಚ್ಚಾಡಿ ಅನ್ಯರ ಕಟಕಟೆ ಹತ್ತುತ್ತೀರಲ್ಲ, ನಾಚಿಕೆಯಿಲ್ಲವೇ ಎಂದು ಪೌಲ ಕೊರಿಂಥದವರನ್ನು ಉಗಿದಿದ್ದಾನೆ. ಶನಿವಾರ ವಕೀಲರಿಗೆ ಫೀಸು ಕೊಟ್ಟು ಬಂದವರೇ ಭಾನುವಾರ ಅದನ್ನು ರಾಗವಾಗಿ ಓದುತ್ತಾರೆ.

ಒಮ್ಮೆ ನಾವು ನಿಜವಾಗಿಯೂ ಒಂದಾಗಿದ್ದೆವು. 1947ರ ಸೆಪ್ಟೆಂಬರ್ 27, ಮದ್ರಾಸು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ದೇಶ ಒಡೆದ ವರ್ಷ ಸಭೆಗಳು ಕೂಡಿದವು. ಬಿಷಪ್ ಎಂಬ ಪದವಿಯೇ ಬೇಡ ಎನ್ನುತ್ತಿದ್ದವರು ಬಿಷಪ್ಪರನ್ನು ಒಪ್ಪಿದರು. ಇದನ್ನು ಗೇಲಿ ಮಾಡಲು ನನಗೆ ಮನಸ್ಸು ಬಾರದು. ಆ ಕೆಲಸವನ್ನು ಮೊಮ್ಮಕ್ಕಳು ವಹಿಸಿಕೊಂಡಿದ್ದಾರೆ. ಸಭೆಯ ಆಡಳಿತ ಮಂಡಳಿಯಾದ ಸಿನಡ್‌ನ 2023ರ ಚುನಾವಣೆ ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಬಿಷಪ್ಪರನ್ನು ಒಪ್ಪದವರು ಹೋದರು, ಬಿಷಪ್ ಆಗಲೇಬೇಕೆಂಬವರು ಬಂದರು.

ಬೆಂಗಳೂರಿನ ಕ್ಯಾಥೊಲಿಕರು ಪೂಜೆ ಯಾವ ಭಾಷೆಯಲ್ಲಿ ಎಂದು ದಶಕಗಳಿಂದ ಜಗಳವಾಡುತ್ತಿದ್ದಾರೆ. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ ಎಂಬುದನ್ನು ಅವರು ಇನ್ನೂ ಕೇಳಿಲ್ಲ.

ಕರ್ನಾಟಕದಲ್ಲಿ ನಾವು ನೂರಕ್ಕೆ ಇಬ್ಬರೂ ಇಲ್ಲ. ಆ ಎರಡರೊಳಗೆ ಎಷ್ಟು ಗೋಡೆ! ನೀರು ಚಿಮುಕಿಸಿದರೆ ದೀಕ್ಷಾಸ್ನಾನವಲ್ಲ ಎನ್ನುವವರು, ಮುಳುಗಿಸುವವರನ್ನು ಕಂಡರೆ ಮೂಗು ಮುರಿಯುವವರು, ಶಿಲುಬೆ ತೊಟ್ಟೂ ಜಾತಿ ನೋಡಿ ಹೆಣ್ಣು ಕೊಡುವವರು. ನಾವೆಲ್ಲ ಒಂದೇ ಎಂದು ಮನಸಾರೆ ನಂಬಿರುವವರು ಈ ನಾಡಿನಲ್ಲಿ ಕಲ್ಲು ಹೊಡೆಯುವವರು ಮಾತ್ರ.

2008ರ ಸೆಪ್ಟೆಂಬರ್ 14, ಮಂಗಳೂರು. ಮತಾಂತರದ ಆರೋಪ ಹೊರಿಸಿದ್ದು ಒಂದು ಪ್ರಾರ್ಥನಾ ಸಭೆಯ ಮೇಲೆ. ದಾಳಿ ನಡೆದದ್ದು ಹೊರಗೇ ಬಾರದೆ ಆರಾಧನೆಯಲ್ಲಿ ಬದುಕುವ ಕ್ಯಾಥೊಲಿಕ್ ಸನ್ಯಾಸಿನಿಯರ ಮಠದ ಮೇಲೂ. ನೀವು ಚಿಮುಕಿಸುವವರೋ ಮುಳುಗಿಸುವವರೋ ಎಂದು ಯಾರೂ ವಿಚಾರಿಸಲಿಲ್ಲ. ಆದರೂ ನಮ್ಮಲ್ಲಿ ಹಲವರಿಗೆ ತಕ್ಷಣ ಹೊಳೆದ ಮಾತು ಒಂದೇ: ‘ಮತಾಂತರವೆಲ್ಲ ಮಾಡುವುದು ಆ ಸಭೆಯವರು, ಅವರಿಗೂ ನಮಗೂ ಸಂಬಂಧವಿಲ್ಲ.’ ಪೇತ್ರನೂ ಯೇಸುವನ್ನು ನಾನರಿಯೆ ಎಂದು ಮೂರು ಸಲ ಹೇಳಿದ್ದ. ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಅತ್ತ. ನಮ್ಮವರು ಸ್ಪಷ್ಟೀಕರಣ ಕೊಟ್ಟರು.